ದ್ರಾಕ್ಷಿ ಚಾಟ್ನಿ ಕಡ್ಡಿ: ಸುಡಲೇಬೇಕಾದರೆ ಊರಿಗೆ ಹೊಗೆ ಹಾಕದೆ ಸುಡುವುದು ಹೇಗೆ

"ನೀವು ಹೇಳಿದಂಗ ಮ್ಯಾಲಿಂದ ಹಚ್ಚಿದ್ವಿ. ಐದು ನಿಮಿಷಕ್ಕ ಆರಿ ಹೋತು. ಆಮ್ಯಾಲೆ ಕೆಳಗಿಂದ ಹಚ್ಚಿ, ಸ್ವಲ್ಪ ಡೀಸೆಲ್ ಹಾಕಿ ಮನೀಗಿ ಬಂದ್ವಿ." ಚಾಟ್ನಿ, ಅಂದರೆ ಏಪ್ರಿಲ್ ಮತ್ತು ಅಕ್ಟೋಬರಿನಲ್ಲಿ ಬಳ್ಳಿ ಸವರುವ ಕೆಲಸ, ಮುಗಿದ ಮೇಲೆ ವಿಜಯಪುರ, ತಿಕೋಟಾ, ಜಮಖಂಡಿ ಕಡೆಯ ತೋಟಗಳಲ್ಲಿ ಈ ಮಾತು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ.

ಮೇಲಿಂದ ಹಚ್ಚುವುದು ಸರಿಯಾದ ಪದ್ಧತಿಯೇ. ಆದರೆ ಅದು ಏಳನೇ ಕೆಲಸ. ಹೆಚ್ಚಿನವರು ಅದನ್ನೇ ಮೊದಲನೇ ಕೆಲಸ ಮಾಡಿಕೊಂಡಿರುತ್ತಾರೆ. ಮುಂಚಿನ ಆರು ಬಿಟ್ಟರೆ ಬೆಂಕಿ ಆರುತ್ತದೆ, ಇಲ್ಲವೇ ರಾತ್ರಿಯೆಲ್ಲ ಹೊಗೆಯಾಡುತ್ತದೆ. ಹಾಗಾಗಿ ಕೆಳಗಿನ ಹಂತಗಳನ್ನು ಕ್ರಮ ತಪ್ಪಿಸದೆ ಮಾಡಿ.

## ಮೊದಲು ಕೈಗೆ ಬೇಕಾದ ಸಾಮಾನು

ಎರಡು ಸಲಿಕೆ, ಒಂದು ಉದ್ದನೆಯ ಹಾರೆ, ಒಂದು ಕಬ್ಬಿಣದ ಹಲ್ಲಿನ ರೇಕ್. ಒಣಗಿದ ಜೋಳದ ಕಣಿಕೆ ಎರಡು ಸಿವುಡು. ನೀರು ತುಂಬಿದ 200 ಲೀಟರಿನ ಡ್ರಮ್ಮು ರಾಶಿಗೆ ಕನಿಷ್ಠ ಎರಡು. ಕೈಗೆ ದಪ್ಪ ಗವಸು, ಮೂಗಿಗೆ ಎನ್-95 ಮಾಸ್ಕ್. ಟವೆಲ್ ಕಟ್ಟಿಕೊಂಡರೆ ದೂಳು ಒಂದಿಷ್ಟು ತಡೆದೀತು, ಹೊಗೆಯ ಸಣ್ಣ ಕಣ ತಡೆಯುವುದಿಲ್ಲ. ನೈಲಾನ್ ಅಂಗಿ ಬೇಡ, ಹತ್ತಿಯದು ಹಾಕಿ.

ನೀರಿಗೆಂದು, ಔಷಧ ಹೊಡೆಯುವ ಬ್ಲೋವರ್ ಟ್ಯಾಂಕ್ ತಂದು ನಿಲ್ಲಿಸುವವರಿದ್ದಾರೆ. ಒಳ್ಳೆಯದೇ. ಆದರೆ ಮೂರು ಸಲ ತೊಳೆದು ತನ್ನಿ. ತಳದಲ್ಲಿ ಉಳಿದ ಔಷಧ ಕೆಂಡದ ಮೇಲೆ ಬಿದ್ದರೆ ಆ ಹಬೆ ನಿಮ್ಮ ಮೂಗಿಗೇ ಬರುತ್ತದೆ.

ಇನ್ನೊಂದು, ಇದು ಒಬ್ಬರ ಕೆಲಸವಲ್ಲ. ಇಬ್ಬರು ಬೇಕು, ಕೊನೆಯವರೆಗೂ.

## 1. ಚಾಟ್ನಿ ದಿನವೇ ಎರಡು ಗುಂಪು ಮಾಡಿ

ಎಲ್ಲ ಕಡ್ಡಿಗೂ ಬೆಂಕಿ ಬೇಕಿಲ್ಲ. ಆರೋಗ್ಯವಾಗಿರುವ ಕಡ್ಡಿಯನ್ನು ಸಾಲಿನ ನಡುವೆಯೇ ಬಿಟ್ಟು ಟ್ರ್ಯಾಕ್ಟರಿನ ಶ್ರೆಡ್ಡರ್ ಹೊಡೆಸಿದರೆ ಪುಡಿಯಾಗಿ ಅಲ್ಲೇ ಮುಚ್ಚಿಗೆ ಆಗುತ್ತದೆ. ಮಳೆ ಕಡಿಮೆಯಿರುವ ನಮ್ಮ ಸೀಮೆಯಲ್ಲಿ ಆ ಮುಚ್ಚಿಗೆ ಉಳಿಸುವ ತೇವಕ್ಕೆ ಬೆಲೆಯಿದೆ. ಯಂತ್ರ ಕೊಳ್ಳಬೇಕಿಲ್ಲ. ಹತ್ತಿರದ ಕೃಷಿ ಯಂತ್ರಧಾರೆ ಬಾಡಿಗೆ ಕೇಂದ್ರದಲ್ಲಿ ಕೇಳಿ. ಅಲ್ಲಿ ಇಲ್ಲದಿದ್ದರೆ ನಾಲ್ಕು ತೋಟದವರು ಸೇರಿ ಒಂದೇ ದಿನಕ್ಕೆ ಹೊರಗಿನಿಂದ ತರಿಸಿ. ಒಬ್ಬರೇ ಕರೆದರೆ ಬರುವುದಿಲ್ಲ, ಬಂದರೂ ಬಾಡಿಗೆ ಜಾಸ್ತಿ.

"ರೋಗ ತೋಟದಾಗೇ ಉಳೀತದಲ್ರಿ?" ಎಂದು ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ಬೂದಿರೋಗ, ಡೌನಿ (ಎಲೆಯ ಅಡಿ ಬಿಳಿ ಬೂಷ್ಟು ಬರುವ ರೋಗ) ಬಂದ ತೋಟದ ಕಡ್ಡಿಯನ್ನು ಪುಡಿ ಮಾಡಿ, ಸಗಣಿ ಸೇರಿಸಿ, ತೇವ ಹಿಡಿದು ಕಾಂಪೋಸ್ಟ್ ಮಾಡಿ. ಗುಡ್ಡೆಯ ಒಳಗೆ 55 ಡಿಗ್ರಿ ಬಿಸಿ ಬಂದು ಹಲವು ದಿನ ನಿಲ್ಲಬೇಕು. ಹೊರಗಿನ ಪದರ ಒಳಗೆ ಹೋಗುವಂತೆ ನಡುನಡುವೆ ತಿರುವಿ ಹಾಕಬೇಕು. ಇಷ್ಟು ಮಾಡಿದರೆ ಹೆಚ್ಚಿನ ರೋಗಾಣು ಉಳಿಯುವುದಿಲ್ಲ.

ಹಾಗಾದರೆ ಬೆಂಕಿ ಯಾವುದಕ್ಕೆ? ಕಾಂಡ ಕೊರಕ ಹುಳು ತೂತು ಮಾಡಿದ ಕಾಂಡ, ಹಿಟ್ಟು ತಿಗಣೆ ತುಂಬಿದ ತೊಗಟೆ, ಪೂರ್ತಿ ಒಣಗಿ ಸತ್ತ ತೋಳು (ಬಳ್ಳಿಯ ದಪ್ಪ ಕವಲು). ಇವಿಷ್ಟಕ್ಕೆ. ಚಾಟ್ನಿ ಟೋಳಿ ಬೆಳಿಗ್ಗೆ ಕತ್ತರಿ ಹಿಡಿಯುವ ಮುಂಚೆ ಈ ಮಾತು ಹೇಳಿ, ಎರಡು ಬೇರೆ ಜಾಗ ತೋರಿಸಿ. ಸಂಜೆ ಹೇಳಿದರೆ ಎಲ್ಲ ಒಂದೇ ರಾಶಿಯಾಗಿರುತ್ತದೆ. ಆಮೇಲೆ ಯಾರೂ ಆರಿಸುವುದಿಲ್ಲ, ನೀವೂ ಆರಿಸುವುದಿಲ್ಲ.

ಹೀಗೆ ಬೇರ್ಪಡಿಸಿದರೆ ಸುಡುವ ರಾಶಿ ಎಷ್ಟು ಸಣ್ಣದಾಗುತ್ತದೆ ಎಂದು ಒಮ್ಮೆ ಮಾಡಿ ನೋಡಿ.

## 2. ರಾಶಿಯಿಂದ ತಂತಿ, ದಾರ, ಪ್ಲಾಸ್ಟಿಕ್ ಹೊರಗೆ

ಕಡ್ಡಿಯ ಜೊತೆ ಏನೇನು ಬರುತ್ತದೆ ಗೊತ್ತಾ? ಬಳ್ಳಿ ಕಟ್ಟಿದ ಪ್ಲಾಸ್ಟಿಕ್ ದಾರ, ಡ್ರಿಪ್ ಪೈಪಿನ ತುಂಡು, ನೆರಳು ಬಲೆಯ ಚೂರು, ಔಷಧದ ಖಾಲಿ ಪಾಕೀಟು. ಸೆಣಬಿನ ಸುತಳಿ ಇದ್ದರೆ ಪರವಾಗಿಲ್ಲ. ಉಳಿದದ್ದೆಲ್ಲ ಕೈಯಿಂದ ಆರಿಸಿ ತೆಗೆಯಿರಿ. ಅದರಲ್ಲೂ ಪಿವಿಸಿ ಪೈಪಿನ ತುಂಡು ಒಂದೂ ಇರಬಾರದು. ಅದು ಸುಟ್ಟರೆ ಹೈಡ್ರೋಕ್ಲೋರಿಕ್ ಆಮ್ಲದ ಹೊಗೆ, ಡಯಾಕ್ಸಿನ್ ಎಂಬ ವಿಷ ಎರಡೂ ಏಳುತ್ತವೆ.

ತಂತಿ ಸುಡುವುದಿಲ್ಲ ನಿಜ. ಆದರೆ ಕೆಂಡದಲ್ಲಿ ಕಾದು ಕೂತಿರುತ್ತದೆ, ರೇಕ್ ಹಾಕಿ ಎಳೆದಾಗ ಕಾಲಿಗೆ ಸುತ್ತಿಕೊಳ್ಳುತ್ತದೆ. ಈ ತಂತಿಯ ಕಾಟ ನಮ್ಮದೊಂದೇ ಅಲ್ಲ. ಕ್ಯಾಲಿಫೋರ್ನಿಯಾದ ಸ್ಯಾನ್ ವಾಕೀನ್ ಕಣಿವೆಯೂ ಒಣದ್ರಾಕ್ಷಿಯ ಸೀಮೆ. ಕೃಷಿ ಕಸ ಸುಡುವುದನ್ನು 2025ರ ಜನವರಿ 1ರ ಹೊತ್ತಿಗೆ ಬಹುತೇಕ ನಿಲ್ಲಿಸಬೇಕೆಂದು ಅಲ್ಲಿ 2021ರಲ್ಲಿ ತೀರ್ಮಾನವಾಯಿತು. ಬಾದಾಮಿ ತೋಟ ಕಿತ್ತವರು ಮರವನ್ನು ಪುಡಿ ಮಾಡಿ ಮಣ್ಣಿಗೆ ಸೇರಿಸಿದರು. ಕಿತ್ತ ದ್ರಾಕ್ಷಿ ಬಳ್ಳಿ ಮಾತ್ರ ತಲೆನೋವಾಯಿತು. ಕಾಂಡದೊಳಗೆ ಹೂತುಹೋದ ತಂತಿ ಯಂತ್ರದ ಹಲ್ಲು ಮುರಿಯುತ್ತದಲ್ಲ, ಅದಕ್ಕೆ.

## 3. ಜಾಗ ಆರಿಸಿ, ಸುತ್ತ ಕೆರೆದು ಬಿಡಿ

ಬದುವಿನ ಮೇಲೆ ಬೇಡ. ಬದುವಿನ ಒಣಹುಲ್ಲು ಬೆಂಕಿಗೆ ರಸ್ತೆಯಿದ್ದ ಹಾಗೆ, ಪಕ್ಕದ ಹೊಲಕ್ಕೆ ನೇರ ಹೋಗುತ್ತದೆ. ಕರೆಂಟ್ ತಂತಿಯ ಕೆಳಗೂ ಬೇಡ, ಬಣವೆಯ ಹತ್ತಿರವೂ ಬೇಡ. ಮನೆ, ಶೆಡ್, ಬಳ್ಳಿಯ ಸಾಲು, ಇವುಗಳಿಂದ ನೂರು ಅಡಿಯಾದರೂ ದೂರವಿರಲಿ. ಬಳ್ಳಿ ಸುಡದಿದ್ದರೂ ಝಳಕ್ಕೆ ಚಿಗುರು ಬಾಡುತ್ತದೆ, ಡ್ರಿಪ್ ಪೈಪ್ ಮೆತ್ತಗಾಗಿ ಅಂಟಿಕೊಳ್ಳುತ್ತದೆ.

ರಾಶಿಯ ಅಂಚಿನಿಂದ ಸುತ್ತಲೂ 10 ಅಡಿ ಹುಲ್ಲು, ಎಲೆ ಏನೂ ಇಲ್ಲದಂತೆ ಮಣ್ಣು ಕಾಣುವ ತನಕ ಕೆರೆಯಿರಿ. ಕ್ಯಾಲಿಫೋರ್ನಿಯಾದ ಅಗ್ನಿಶಾಮಕ ಇಲಾಖೆ ಸಣ್ಣ ರಾಶಿಗಳಿಗೆ ಹೇಳುವ ಅಳತೆಯೂ ಇದೇ: ರಾಶಿ 4 ಅಡಿ ಅಗಲ, 4 ಅಡಿ ಎತ್ತರ, ಸುತ್ತ 10 ಅಡಿ ಬರಿ ಮಣ್ಣು.

## 4. ಒಣಗಿಸಿ. ಹೆಚ್ಚಿನವರು ಸೋಲುವುದು ಇಲ್ಲೇ

ಬೆಂಕಿ ಆರಿತು ಅಂದವರಲ್ಲಿ ಹತ್ತಕ್ಕೆ ಎಂಟು ಜನ ಕಡಿದ ವಾರದೊಳಗೇ ಹಚ್ಚಿರುತ್ತಾರೆ. ಹಸಿ ಕಡ್ಡಿಗೆ ಬೆಂಕಿ ಇಟ್ಟರೆ ಬಿಸಿಯೆಲ್ಲ ನೀರು ಆವಿ ಮಾಡುವುದಕ್ಕೇ ಹೋಗುತ್ತದೆ. ಜ್ವಾಲೆ ಏಳುವುದಿಲ್ಲ. ಜ್ವಾಲೆ ಇಲ್ಲದೆ ಮರ ಬಿಸಿಯಾದರೆ ಬರುವುದು ಹೊಗೆ ಮಾತ್ರ.

ಪರೀಕ್ಷೆ ಸುಲಭ. ರಾಶಿಯ ಮೇಲಿನದಲ್ಲ, ನಡುವಿನಿಂದ ಹೆಬ್ಬೆರಳು ದಪ್ಪದ ಕಡ್ಡಿ ಎಳೆಯಿರಿ. ಎರಡೂ ಕೈಯಲ್ಲಿ ಹಿಡಿದು ಬಗ್ಗಿಸಿ. ಚಟ್ ಎಂದು ಮುರಿದರೆ ಒಣಗಿದೆ. ಬಗ್ಗಿ, ನಾರು ಬಿಟ್ಟು, ತೊಗಟೆ ಕೆಳಗೆ ಹಸಿರು ಕಂಡರೆ ಇನ್ನೂ ಹಸಿ. ಒಂದು ಕಡ್ಡಿ ಮುರಿದು ನಿಲ್ಲಿಸಬೇಡಿ. ಹತ್ತು ಕಡ್ಡಿಯಲ್ಲಿ ಒಂಬತ್ತು ಚಟ್ ಅನ್ನಬೇಕು. ಕಾಂಡದ ದಪ್ಪ ತುಂಡಿದ್ದರೆ ಅದನ್ನು ಸೀಳಿ ಇಡಿ. ಇಡೀ ತುಂಡು ಒಣಗಲು ತಿಂಗಳುಗಟ್ಟಲೆ ಬೇಕು.

ಏಪ್ರಿಲ್ ಚಾಟ್ನಿಯ ಕಡ್ಡಿಗೆ ನಮ್ಮ ಬಿಸಿಲಲ್ಲಿ ಸುಮಾರು ಮೂರು ವಾರ ಸಾಕು. ಅಕ್ಟೋಬರ್ ಚಾಟ್ನಿಯದು ಹಾಗಲ್ಲ. ಎಲೆ ಇರುತ್ತದೆ, ಮಳೆಯ ತೇವ ಇರುತ್ತದೆ. ಎಲೆ ಉದುರಿಸಿ, ನೆಲಕ್ಕೆ ತಾಗದಂತೆ ಎರಡು ಕಲ್ಲುಕಂಬದ ಮೇಲೆ ಸಡಿಲವಾಗಿ ಹರಡಿ ಇಡಿ. ಮಳೆ ಬಂದರೆ ಮೇಲೆ ಮಾತ್ರ ತಾಡಪತ್ರಿ ಹಾಕಿ, ಬದಿ ಮುಚ್ಚಬೇಡಿ.

ಬಹಳ ದಿನ ಇಟ್ಟರೂ ತೊಂದರೆಯಿದೆ. ಕಾಂಡ ಕೊರಕ ಇರುವ ಮರವನ್ನು ಮುಂದಿನ ಮಳೆಗಾಲದ ತನಕ ಇಟ್ಟರೆ ಒಳಗಿನ ಹುಳು ಬೆಳೆದು ಹಾರಿ ಹೋಗುತ್ತದೆ. ನೀವು ಸುಡುವುದು ಬರೀ ಖಾಲಿ ಕಟ್ಟಿಗೆ.

## 5. ದಿನ ಮತ್ತು ಹೊತ್ತು ನೋಡಿ

ಏಪ್ರಿಲ್ ಚಾಟ್ನಿಯ ಹೊತ್ತಿಗೆ ಸುತ್ತಲಿನ ಶೆಡ್ಡುಗಳಲ್ಲಿ ಒಣದ್ರಾಕ್ಷಿ ಇನ್ನೂ ರ್‍ಯಾಕ್ ಮೇಲೇ ಇರುತ್ತದೆ. ಸ್ವಲ್ಪ ಅಂಟಂಟಾದ ಹಣ್ಣು, ತೆರೆದ ಬದಿ. ಗಾಳಿಯಲ್ಲಿ ಹಾರಿ ಬಂದ ಬೂದಿ ಕೂತರೆ ಏಳುವುದಿಲ್ಲ. ಒಂದು ವರ್ಷ ನಾನೇ ಅವಸರ ಮಾಡಿ ಹಚ್ಚಿದ್ದೆ. ಪಕ್ಕದ ತೋಟದ ಹಿರಿಯರು ಬೈಯಲಿಲ್ಲ. ಅಂಗೈಯಲ್ಲಿ ಒಂದು ಹಿಡಿ ತಂದು ತೋರಿಸಿದರು. ಹಸಿರು ಕಾಳಿನ ಮೇಲೆ ಕರಿ ಚುಕ್ಕೆ. "ತಮ್ಮಾ, ಈ ಮಣೂಕ ನೀನ ತಗೋತೀ ಏನು?" ಅಂದರು. ನನಗೆ ಮಾತೇ ಹೊರಡಲಿಲ್ಲ.

ನೋಡಿ, ಕಡ್ಡಿ ಒಣಗಲಿ ಎಂದು ಕಾಯುವ ಮೂರು ವಾರದಲ್ಲೇ ಹೆಚ್ಚಿನ ರ್‍ಯಾಕ್ ಖಾಲಿಯಾಗುತ್ತವೆ. ಒಂದೇ ಕಾಯುವಿಕೆಗೆ ಎರಡು ಕೆಲಸ.

ಅಕ್ಟೋಬರ್ ಕಡ್ಡಿಯದು ಬೇರೆ ಲೆಕ್ಕ. ಅದು ಒಣಗುವ ಹೊತ್ತಿಗೆ ಬಳ್ಳಿಯಲ್ಲಿ ಕಾಯಿ ಇರುತ್ತದೆ. ಕಾಯಿ ಮೆತ್ತಗಾಗಲು ಶುರುವಾದಾಗಿನಿಂದ ಕೊಯ್ಲಿನ ತನಕ ದ್ರಾಕ್ಷಿ ಹೊಗೆಯ ವಾಸನೆಯನ್ನು ಸಿಪ್ಪೆಯ ಮೂಲಕ ಎಳೆದುಕೊಳ್ಳುತ್ತದೆ. ಗ್ವಾಯಕಾಲ್‌ನಂಥ ಹೊಗೆಯ ವಸ್ತುಗಳು ಹಣ್ಣಿನ ಸಕ್ಕರೆಯ ಜೊತೆ ಅಂಟಿಕೊಂಡು ಬಿಡುತ್ತವೆ, ತೊಳೆದರೆ ಹೋಗುವುದಿಲ್ಲ. 2020ರ ಕಾಡ್ಗಿಚ್ಚಿನ ವರ್ಷ ಅಮೆರಿಕದ ನಾಪಾ ಕಣಿವೆಯಲ್ಲಿ ಎಷ್ಟೋ ವೈನರಿಗಳು ಇದೇ ಕಾರಣಕ್ಕೆ ಹಣ್ಣನ್ನು ವೈನ್ ಮಾಡದೆ ಬಿಟ್ಟವು. ಒಂದು ಸಣ್ಣ ರಾಶಿಯಿಂದ ಅಷ್ಟು ಆಗಲಿಕ್ಕಿಲ್ಲ. ಆದರೂ ವೈನ್ ದ್ರಾಕ್ಷಿ ತೋಟ ಹತ್ತಿರವಿದ್ದರೆ ಕೊಯ್ಲು ಮುಗಿಯುವ ತನಕ ಕಡ್ಡಿ ಹಾಗೇ ಇರಲಿ.

ಈಗ ಹೊತ್ತು. ಚಳಿಗಾಲದ ಬೆಳಿಗ್ಗೆ ನೆಲದ ಗಾಳಿ ತಣ್ಣಗೆ, ಮೇಲಿನದು ಬೆಚ್ಚಗೆ ಇರುತ್ತದೆ. ಹೊಗೆ ಏರಲು ದಾರಿಯೇ ಇಲ್ಲ, ಪಾತ್ರೆಗೆ ತಟ್ಟೆ ಮುಚ್ಚಿದ ಹಾಗೆ. ಡಿಸೆಂಬರಿನಲ್ಲಿ ಹತ್ತು ಹತ್ತೂವರೆಗೆ ಮುಂಚೆ ಹಚ್ಚಬೇಡಿ. ಸಂಜೆಯೂ ಇದೇ ಕಥೆ. ಮೂರು ಗಂಟೆಯ ನಂತರ ಹೊಸ ಕಡ್ಡಿ ಹಾಕಬೇಡಿ.

ಬೇಸಿಗೆಯಲ್ಲಿ ಉಲ್ಟಾ. ಮಧ್ಯಾಹ್ನ ಬಿಸಿಲು 40 ಡಿಗ್ರಿ ದಾಟಿರುತ್ತದೆ, ಸುಂಟರಗಾಳಿ ಏಳುತ್ತದೆ, ಸಂಜೆಗೆ ಗುಡುಗು ಮಳೆ. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಹಚ್ಚಿ ಹನ್ನೆರಡರೊಳಗೆ ನಂದಿಸಿ ಮುಗಿಸಿ. ಹಿಂದಿನ ದಿನ ಮೇಘದೂತ್ ಆ್ಯಪಿನಲ್ಲಿ ಗಾಳಿ, ಮಳೆಯ ಮುನ್ಸೂಚನೆ ನೋಡಿ.

ಕೊನೆಗೆ ಕಣ್ಣಿನ ಪರೀಕ್ಷೆ ಎರಡು. ಮೊದಲನೆಯದು, ದೂರದ ಊರ ನೀರಿನ ಟ್ಯಾಂಕ್ ಮಸುಕಾಗಿ ಕಂಡರೆ ಆ ದಿನ ಬೇಡ. ಪಟ್ಟಣದ ಹತ್ತಿರದವರು ಸಮೀರ್ ಆ್ಯಪಿನಲ್ಲಿ ವಾಯು ಗುಣಮಟ್ಟದ ಸೂಚ್ಯಂಕ ನೋಡಬಹುದು. 100 ದಾಟಿದ್ದರೆ ಮುಂದೂಡಿ. ಎರಡನೆಯದು, ಒಂದು ಹಿಡಿ ಕಣಿಕೆ ಸುಟ್ಟು ಹೊಗೆ ನೋಡಿ. ನೆಟ್ಟಗೆ ಏರಿ ಮೇಲೆ ಹೋಗಿ ಬಾಗಿದರೆ ಸರಿ. ಆಳೆತ್ತರಕ್ಕೆ ಹೋಗಿ ಚಾದರದ ಹಾಗೆ ಹರಡಿದರೆ ಮನೆಗೆ ಹೋಗಿ. ಗಾಳಿ ಎಷ್ಟಿರಬೇಕು? ಎಲೆ ಅಲುಗಬೇಕು, ನೆಲದ ದೂಳು ಏಳಬಾರದು.

## 6. ಹೇಳಿ ಬನ್ನಿ

ಗಾಳಿ ಬೀಸುವ ದಿಕ್ಕಿನಲ್ಲಿ ಯಾರಿದ್ದಾರೆ ಎಂದು ನಡೆದು ಹೋಗಿ ನೋಡಿ. ಫೋನು ಸಾಲದು. ದಮ್ಮು ಇರುವವರು, ಬಾಣಂತಿ, ಎಳೆ ಮಗು ಇರುವ ಮನೆಯಿದ್ದರೆ ದಿನ ಬದಲಿಸಿ, ಇಲ್ಲವೇ ಜಾಗ ಬದಲಿಸಿ. ಶಾಲೆಯಿದ್ದರೆ ರಜೆಯ ದಿನ ನೋಡಿ. ಡಾಂಬರು ರಸ್ತೆಯ ಕಡೆಗೆ ಗಾಳಿಯಿದ್ದರೆ ಹಚ್ಚಲೇಬೇಡಿ. ಬೈಕಿನವರಿಗೆ ಎದುರಿನ ಲಾರಿ ಕಾಣುವುದಿಲ್ಲ.

ಗ್ರಾಮ ಪಂಚಾಯಿತಿಯಲ್ಲೂ ಕೇಳಿಕೊಳ್ಳಿ. 1981ರ ವಾಯು ಮಾಲಿನ್ಯ ತಡೆ ಕಾಯ್ದೆಯ ಪ್ರಕಾರ ನಿಯಂತ್ರಣ ಪ್ರದೇಶಗಳಲ್ಲಿ ಸುಡುವುದನ್ನು ನಿಷೇಧಿಸುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ನಿಷೇಧವಿದ್ದರೆ ಅಲ್ಲಿಗೆ ಮುಗಿಯಿತು, ಶ್ರೆಡ್ಡರ್ ದಾರಿಯೇ ದಾರಿ. ನಿಷೇಧ ಇಲ್ಲದಿದ್ದರೂ ಅಜಾಗರೂಕತೆಯಿಂದ ಬೆಂಕಿ ಹಚ್ಚಿ ಇನ್ನೊಬ್ಬರ ಜೀವಕ್ಕೆ ಅಪಾಯ ತಂದರೆ ಭಾರತೀಯ ನ್ಯಾಯ ಸಂಹಿತೆಯ 287ನೇ ಕಲಮಿನಲ್ಲಿ ಆರು ತಿಂಗಳ ತನಕ ಜೈಲು ಆಗಬಹುದು.

## 7. ರಾಶಿ ಕಟ್ಟಿ, ಮೇಲಿಂದ ಹಚ್ಚಿ

ರಾಶಿಯನ್ನು ಸುಡುವ ದಿನವೇ ಕಟ್ಟಿ. ವಾರಗಟ್ಟಲೆ ಬಿದ್ದ ಕಡ್ಡಿಯಲ್ಲಿ ಹಾವು, ಓತಿಕ್ಯಾತ, ಹಕ್ಕಿ ಗೂಡು ಇರುತ್ತವೆ. ಹಾರೆಯಿಂದ ಎಬ್ಬಿಸಿ ಜಾಗ ಬದಲಿಸಿದರೆ ಅವು ಹೋಗುತ್ತವೆ, ನಿಮ್ಮ ಕೈಯೂ ಉಳಿಯುತ್ತದೆ.

ಕಟ್ಟುವ ಕ್ರಮ ಹೀಗೆ. ತಳದಲ್ಲಿ ದಪ್ಪ ಕಾಂಡದ ಸೀಳು, ಒಂದರ ಮೇಲೊಂದು ಅಡ್ಡಡ್ಡ. ನಡುವೆ ಬೆರಳು ಹೋಗುವಷ್ಟು ಸಂದು ಇರಲಿ. ಅದರ ಮೇಲೆ ಹೆಬ್ಬೆರಳು ದಪ್ಪದ ಕಡ್ಡಿ, ಆಮೇಲೆ ಪೆನ್ಸಿಲ್ ದಪ್ಪದ್ದು. ತೀರಾ ಮೇಲೆ ಒಂದಡಿ ಎತ್ತರಕ್ಕೆ ಒಣ ಕಣಿಕೆ ಮತ್ತು ಸಣ್ಣ ಕವಲು. ಜನ ಇಲ್ಲಿ ಒಂದು ಹಿಡಿ ಕಣಿಕೆ ಇಟ್ಟು ಸುಮ್ಮನಾಗುತ್ತಾರೆ. ಸಾಲದು. ಮೇಲಿನ ಪದರ ಕೆಳಗಿನ ಕಡ್ಡಿಯನ್ನು ಹೊತ್ತಿಸುವಷ್ಟು ಕೆಂಡ ಬೀಳಿಸಬೇಕು. ಒಂದು ಸಿವುಡು ಪೂರ್ತಿ ಹಾಕಿ.

ಗಾಳಿ ಬರುವ ಕಡೆ ನಿಂತು, ಮೇಲಿನ ಪದರಕ್ಕೆ ಮೂರ್ನಾಲ್ಕು ಜಾಗದಲ್ಲಿ ಹಚ್ಚಿ. ಮೊದಲ ಹತ್ತು ನಿಮಿಷ ನಿಧಾನ ಅನ್ನಿಸುತ್ತದೆ. ಕೈ ಹಾಕಬೇಡಿ.

ಕೆಳಗಿಂದ ಹಚ್ಚಿದರೆ ಏನಾಗುತ್ತದೆ? ಬಿಸಿ ಮೇಲೇರಿ ಮೇಲಿನ ಕಡ್ಡಿಯಿಂದ ಅನಿಲ ಹೊರಡುತ್ತದೆ. ಅಲ್ಲಿ ಜ್ವಾಲೆ ಇಲ್ಲ. ಅನಿಲ ಸುಡದೆ ಹೊಗೆಯಾಗಿ ಹಾರುತ್ತದೆ. ಮೇಲಿಂದ ಹಚ್ಚಿದರೆ ಕೆಳಗಿನ ಕಡ್ಡಿ ಬಿಟ್ಟ ಅನಿಲ ಜ್ವಾಲೆಯ ಮೂಲಕವೇ ಹಾಯಬೇಕು, ಅಲ್ಲೇ ಸುಟ್ಟು ಹೋಗುತ್ತದೆ. ಒಲೆಗೆ ಹಸಿ ಸೌದೆ ತುರುಕಿ ಹೊಗೆಯಾದಾಗ ಅವ್ವ ಊದುಗೊಳವೆಯಲ್ಲಿ ಊದುತ್ತಿದ್ದಳಲ್ವಾ? ಭಗ್ ಎಂದು ಜ್ವಾಲೆ ಹೊತ್ತಿದ ಕೂಡಲೇ ಹೊಗೆ ಮಾಯ. ಅದೇ ಲೆಕ್ಕ.

ಉಳಿದ ಕಡ್ಡಿಯನ್ನು ಗಾಳಿ ಬರುವ ಕಡೆ ದೂರ ಇಟ್ಟುಕೊಂಡಿರಿ. ಉರಿಯುವ ಕಡ್ಡಿಯ ಮೇಲೆ ಬಿಳಿಬೂದಿ ಕಾಣತೊಡಗಿದಾಗ ತೆಳ್ಳಗೆ ಒಂದು ಪದರ ಹಾಕಿ. ಟ್ರೇಲರಿನಿಂದ ಒಮ್ಮೆಲೇ ಸುರಿದರೆ ಜ್ವಾಲೆ ಉಸಿರು ಕಟ್ಟುತ್ತದೆ, ಮತ್ತೆ ಹೊಗೆ.

ಡೀಸೆಲ್ ಬೇಡ, ಟೈರ್ ಬೇಡ. ಪೆಟ್ರೋಲ್ ಅಂತೂ ಮೊದಲೇ ಬೇಡ. ಅದರ ಆವಿ ನೆಲದ ಮೇಲೆ ಹರಿದು ನಿಮ್ಮ ಕಾಲಬುಡದಲ್ಲೇ ಹೊತ್ತಿಕೊಳ್ಳುತ್ತದೆ. ಇವು ಬೇಕು ಅನ್ನಿಸಿತೆಂದರೆ ಕಡ್ಡಿ ಒಣಗಿಲ್ಲ. ನಾಲ್ಕನೇ ಹಂತಕ್ಕೆ ವಾಪಸ್.

## 8. ಕೂತು ನೋಡಿ: ಅಪಾಯದ ಗುರುತುಗಳು

ಬಿಳಿ ದಟ್ಟ ಹೊಗೆ. ಒಳಗೆ ಹಸಿ ಇದೆ, ಇಲ್ಲವೇ ಗಾಳಿಯಾಡುತ್ತಿಲ್ಲ. ಹಾಕುವುದು ನಿಲ್ಲಿಸಿ, ಹಾರೆಯಿಂದ ಸಡಿಲ ಮಾಡಿ. ಹತ್ತು ನಿಮಿಷದಲ್ಲಿ ತಿಳಿಯಾಗದಿದ್ದರೆ ಪೂರ್ತಿ ನಂದಿಸಿ. ಅರ್ಧ ಚೊಂಬು ನೀರು ಎರಚಿದರೆ ಹೊಗೆ ಇನ್ನೂ ಜಾಸ್ತಿಯಾಗುತ್ತದೆ.

ಕರಿ ಹೊಗೆ. ಪ್ಲಾಸ್ಟಿಕ್ ಉಳಿದಿದೆ. ಗಾಳಿ ಬರುವ ಕಡೆಗೆ ಸರಿದು, ಕಂಡರೆ ಹಾರೆಯಿಂದ ಹೊರಗೆಳೆಯಿರಿ.

ಹೊಗೆ ದಿಕ್ಕು ಬದಲಿಸಿ ನೆಲ ಹಿಡಿಯುವುದು. ಹೊಸ ಕಡ್ಡಿ ಹಾಕಬೇಡಿ. ಊರ ಕಡೆ ತಿರುಗಿದ್ದರೆ ಆಗಲೇ ನಂದಿಸಿ.

ಕಿಡಿ 10 ಅಡಿಯ ಗೆರೆ ದಾಟುವುದು, ರಾಶಿಯ ಮೇಲೆ ಗಾಳಿ ಸುತ್ತುವುದು. ಇಲ್ಲಿ ಯೋಚನೆಗೆ ಸಮಯವಿಲ್ಲ. ಒಬ್ಬರು ಕಿಡಿ ಬಿದ್ದಲ್ಲಿಗೆ ಸಲಿಕೆ ಹಿಡಿದು ಹೋಗಿ, ಇನ್ನೊಬ್ಬರು ರಾಶಿಗೆ ನೀರು ಹೊಡೆಯಿರಿ. ಬೆಂಕಿ ಹುಲ್ಲಿಗೆ ಹತ್ತಿದರೆ 112 ಅಥವಾ 101ಕ್ಕೆ ಫೋನ್ ಮಾಡಿ. ನಾವೇ ಆರಿಸಿಬಿಡುತ್ತೇವೆ ಎಂದು ಕಾಯಬೇಡಿ.

## 9. ಪೂರ್ತಿ ನಂದಿಸಿ

ಊಟಕ್ಕೆ ಹೊತ್ತಾಯಿತು ಎಂದು ಎದ್ದು ಹೋಗುವುದು ಇಲ್ಲೇ. ಜ್ವಾಲೆ ಇಳಿದ ಮೇಲೆ ಉಳಿಯುವ ಹೊಗೆಯಾಟ ರಾತ್ರಿಯೆಲ್ಲ ನಡೆದು, ತಣ್ಣನೆಯ ಗಾಳಿಯಲ್ಲಿ ಊರಿನ ಮೇಲೆ ಮಲಗುತ್ತದೆ.

ಜ್ವಾಲೆ ಸಣ್ಣದಾಗಿ, ಕೆಂಡ ಹೊಳೆಯುವಾಗಲೇ ನೀರು ಹಾಕಿ. ಗಾಳಿ ಬರುವ ಕಡೆ ನಿಂತು ಅಂಚಿನಿಂದ ಶುರು ಮಾಡಿ. ಬಿಸಿ ಹಬೆ ಮುಖಕ್ಕೆ ಹೊಡೆಯುತ್ತದೆ, ಬಗ್ಗಿ ನೋಡಬೇಡಿ. ರೇಕಿನಿಂದ ಎಳೆದು ತೆಳ್ಳಗೆ ಹರಡಿ, ಮತ್ತೆ ನೀರು, ಮತ್ತೆ ತಿರುವಿ. ಮಣ್ಣು ಮುಚ್ಚಿ ಹೋಗಬೇಡಿ. ಒಳಗೆ ಕೆಂಡ ಎರಡು ದಿನ ಜೀವ ಹಿಡಿದಿರುತ್ತದೆ, ದನ ಕಾಲಿಟ್ಟರೆ ಗೊರಸು ಸುಡುತ್ತದೆ.

ಮುಗಿಯಿತು ಅನ್ನಿಸಿದಾಗ ಗವಸು ತೆಗೆದು, ಅಂಗೈಯ ಹಿಂಬದಿಯನ್ನು ಒಂದು ಗೇಣು ಮೇಲೆ ಹಿಡಿದು ನಿಧಾನ ಸುತ್ತಿಸಿ. ಬಿಸಿ ತಾಗಿದ ಕಡೆ ಇನ್ನೊಂದು ಕೊಡ ನೀರು. ಮರುದಿನ ಬೆಳಿಗ್ಗೆ ಮತ್ತೊಮ್ಮೆ ಹೀಗೇ ನೋಡಿ.

## 10. ಇದ್ದಿಲು ಬೇರೆ, ಬೂದಿ ಬೇರೆ

ಕೆಂಡ ಇರುವಾಗಲೇ ನಂದಿಸಿದ್ದರಿಂದ ಒಂದಿಷ್ಟು ಇದ್ದಿಲು ಸಿಗುತ್ತದೆ. ಇದನ್ನೇ ಬಯೋಚಾರ್ ಅನ್ನುವುದು. ಹಾಗೇ ಬುಡಕ್ಕೆ ಹಾಕಬೇಡಿ, ಮಣ್ಣಿನ ಸಾರಜನಕ ಹೀರಿಕೊಂಡು ಬಳ್ಳಿಗೇ ಕಡಿಮೆ ಮಾಡುತ್ತದೆ. ಪುಡಿ ಮಾಡಿ, ಸಗಣಿ ಬಗ್ಗಡದಲ್ಲಿ ಎರಡು ವಾರ ನೆನೆಸಿ, ತಿಪ್ಪೆಗೊಬ್ಬರದ ಜೊತೆ ಬೆರೆಸಿ ಹಾಕಿ. ಮೊದಲ ವರ್ಷ ಒಂದೇ ಸಾಲಿಗೆ ಹಾಕಿ ನೋಡಿ.

ಬೂದಿಯ ವಿಷಯದಲ್ಲಿ ಹುಷಾರು. "ಬೂದಿ ಒಳ್ಳೆ ಗೊಬ್ಬರ" ಅನ್ನುವುದು ಮಲೆನಾಡಿನ ಹುಳಿ ಮಣ್ಣಿಗೆ ಸರಿ. ನಮ್ಮ ಸುಣ್ಣದ ಅಂಶವಿರುವ ಕಪ್ಪು ಮಣ್ಣು ಮೊದಲೇ ಕ್ಷಾರ. ಅದಕ್ಕೆ ಬೂದಿ ಸೇರಿದರೆ ಬಳ್ಳಿಗೆ ಕಬ್ಬಿಣ ಸಿಗದೆ ಚಿಗುರು ಹಳದಿಯಾಗುತ್ತದೆ. ಮಣ್ಣು ಪರೀಕ್ಷೆಯ ಚೀಟಿಯಲ್ಲಿ ಪಿಎಚ್ 8ರ ಆಸುಪಾಸು ಇದ್ದರೆ ತೋಟಕ್ಕೆ ಹಾಕಬೇಡಿ. ಪಾತ್ರೆ ತಿಕ್ಕಲೂ ಒಯ್ಯಬೇಡಿ, ವರ್ಷವಿಡೀ ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣ ಕಲಸಿದ ಔಷಧ) ಹೊಡೆದ ಕಡ್ಡಿಯ ಬೂದಿ ಅದು, ತಾಮ್ರ ಇರುತ್ತದೆ. ಬಾವಿ, ಕೃಷಿಹೊಂಡದಿಂದ ದೂರ ಒಂದು ಗುಂಡಿ ತೋಡಿ, ಪೂರ್ತಿ ತಣ್ಣಗಾದ ಮೇಲೆ ಹಾಕಿ ಮಣ್ಣು ಮುಚ್ಚಿ.